ಗಾಬರಿಗೂ ವಿಮೆ ಬೇಕು

ನನ್ನ ಮಾತ್ರೆಗಳಲ್ಲಿ ಅದೊಂದಕ್ಕೆ ಮಾತ್ರ ಮರ್ಯಾದೆಯಿಲ್ಲ. ರಕ್ತದೊತ್ತಡದ ಮಾತ್ರೆಯನ್ನು ಔಷಧಿ ಅಂಗಡಿಯವನು ಊರಿಗೆಲ್ಲ ಕೇಳುವಂತೆ ಕೂಗಿ ಕೊಡುತ್ತಾನೆ. ಮಂಡಿನೋವಿನದನ್ನು ಮೇಜಿನ ಮೇಲೆ ರಾಜಾರೋಷವಾಗಿ ಇಡುತ್ತಾನೆ. ಆದರೆ ಆತಂಕದ ಮಾತ್ರೆಯ ಸರದಿ ಬಂತೋ, ಅವನ ದನಿ ಪಿಸುಮಾತಿಗಿಳಿಯುತ್ತದೆ, ಕತ್ತು ಅತ್ತಿತ್ತ ಹೊರಳುತ್ತದೆ. ಹಳೇ ಪೇಪರಿನಲ್ಲಿ ಸುತ್ತಿ, ಅದರ ಮೇಲೆ ಇನ್ನೊಂದು ಪೇಪರು ಸುತ್ತಿ, ಕಳ್ಳಮಾಲು ದಾಟಿಸುವವನ ಹಾಗೆ ನನ್ನ ಕೈಚೀಲದೊಳಕ್ಕೆ ಜಾರಿಸುತ್ತಾನೆ.

ಅವತ್ತು ನನಗೆ ತಲೆ ಕೆಟ್ಟಿತು. (ಈ ಮಾತನ್ನು ನಾನು ಎಚ್ಚರದಿಂದ ಬಳಸಬೇಕು. ನನ್ನ ಮಾತ್ರೆಯ ವಿಷಯ ಗೊತ್ತಿದ್ದವರು ಅಕ್ಷರಶಃ ನಂಬಿಬಿಡುತ್ತಾರೆ.)

"ಯಾಕಪ್ಪ ಪಿಸುಗುಡ್ತೀಯ? ಇದೇನು ಬಾಂಬಾ?" ಎಂದೆ.

"ಅಮ್ಮಾ, ಹಿಂದೆ ಜನ ಇದಾರೆ..."

"ಇರಲಿ! ನನಗೆ ಗಾಬರಿ ಕಾಯಿಲೆ. ಅದಕ್ಕೆ ಮಾತ್ರೆ ತಗೋತೀನಿ. ಎಲ್ಲರಿಗೂ ಕೇಳಿಸ್ತಾ?" ಎಂದು ಹಿಂತಿರುಗಿ ಘೋಷಿಸಿದೆ.

ಇಡೀ ಸಾಲು ಒಂದು ಹೆಜ್ಜೆ ಹಿಂದೆ ಸರಿಯಿತು. ಸರಿಯದೆ ಇದ್ದವರು ನಮ್ಮ ಯಜಮಾನರೊಬ್ಬರೇ. ಯಾಕೆಂದರೆ ಅವರು ಆಗಲೇ ಬಾಗಿಲಾಚೆ ನಿಂತು, ನಾನ್ಯಾರೋ ಅವರ್ಯಾರೋ ಎಂಬಂತೆ ಕೆಮ್ಮಿನ ಔಷಧಿಯ ಜಾಹೀರಾತನ್ನು ಗಾಢವಾಗಿ ಅಧ್ಯಯನ ಮಾಡುತ್ತಿದ್ದರು.

ನಮ್ಮ ಯಜಮಾನರು ಅಗ್ನಿಶಾಮಕ ದಳದಲ್ಲಿದ್ದು ನಿವೃತ್ತರಾದವರು. ಧಗಧಗ ಉರಿಯುವ ಗೋದಾಮಿನೊಳಗೆ ನುಗ್ಗಿ, ಮೀಸೆಯ ಒಂದು ಕೊನೆಯನ್ನು ಮಾತ್ರ ಕಳೆದುಕೊಂಡು ಹೊರಬಂದ ವೀರಾಧಿವೀರರು. ಅವರ ಪ್ರಕಾರ ಬೆಂಕಿಯಿಲ್ಲದ ಕಡೆ ಗಾಬರಿ ಇರುವಂತಿಲ್ಲ.

"ಗಾಬರಿ ಅಂದ್ರೆ ಏನೇ? ಬೆಂಕಿ ಬಿದ್ದಾಗ ಪಡೋದು. ಇಲ್ಲಿ ಎಲ್ಲಿದೆ ಬೆಂಕಿ?"

"ನಿಮ್ಮ ಪಕ್ಕದಲ್ಲೇ ಹೊತ್ತಿಕೊಂಡಿದೆ, ಕಾಣ್ತಿಲ್ವಾ?"

"ಎಲ್ಲಾ ಮನಸ್ಸಿನ ಭ್ರಮೆ. ಸುಮ್ನೆ ಆ ಮಾತ್ರೆ ಒಂದು ಬಿಟ್ಟುಬಿಡು. ಬೆಲೆ ಬೇರೆ ಏರಿಸಿದಾನೆ."

ಬಿಟ್ಟುಬಿಡಬೇಕಂತೆ! ಆ ಮಾತ್ರೆಗೆ ಮುಂಚೆ ನಾನು ಹೇಗಿದ್ದೆ ಎಂದು ಹೇಳುತ್ತೇನೆ, ಕೇಳಿ. ನಾನು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರಾಗಿದ್ದವಳು. ಯಾರದೋ ಗಾಬರಿಯನ್ನು ಇನ್ಯಾರದೋ ಕಿವಿಗೆ ಜೋಡಿಸುವುದೇ ನನ್ನ ಉದ್ಯೋಗ. ಆಗ ಒಂದು ದಿನವೂ ಕೈ ನಡುಗಿದ್ದಿಲ್ಲ. ಕೆಲಸ ಬಿಟ್ಟು ಮನೆಯಲ್ಲಿ ಕೂತ ಮೇಲೆ, ಜೋಡಿಸಿದ ಗಾಬರಿಗಳೆಲ್ಲ ವಿಳಾಸ ಹುಡುಕಿಕೊಂಡು ನನ್ನ ಎದೆಗೇ ವಾಪಸ್ಸು ಬಂದವು. ಫೋನು ಟ್ರಿಣ್ ಎಂದರೆ ಅಂಗೈ ತಣ್ಣಗಾಗುವುದು, ಎದೆ ಡವಡವ ಎನ್ನುವುದು. ರಸ್ತೆ ದಾಟಲು ನಿಂತರೆ ರಸ್ತೆಯೇ ನನ್ನ ಮೇಲೆ ಬಂದಂತಾಗುವುದು. ಕೊನೆಗೆ ಗೇಟಿನ ಹೊರಗೆ ಕಾಲಿಡುವುದನ್ನೇ ಬಿಟ್ಟೆ. ಒಂದಿಡೀ ಚಳಿಗಾಲ ನಾನು ಕಂಡ ಪ್ರಪಂಚವೆಂದರೆ ಅಡುಗೆಮನೆಯ ಕಿಟಕಿಯಿಂದ ಕಾಣುವ ಎದುರುಮನೆಯ ನೀರಿನ ಟ್ಯಾಂಕು. ನಮ್ಮ ಡಾಕ್ಟರಮ್ಮ ಆ ಮಾತ್ರೆ ಬರೆದುಕೊಟ್ಟ ಮೇಲೆ ನಿಧಾನವಾಗಿ ಮನುಷ್ಯಳಾದೆ. ಒಬ್ಬಳೇ ಮಾರ್ಕೆಟ್ಟಿಗೆ ಹೋಗಿ, ತರಕಾರಿಯವಳೊಂದಿಗೆ ಜಗಳ ಆಡಿ, ಗೆದ್ದು ಬಂದೆ. ಅದನ್ನು ಬಿಡುವುದೆಂದರೆ ಮತ್ತೆ ಆ ನೀರಿನ ಟ್ಯಾಂಕಿಗೆ ಹಿಂತಿರುಗುವುದು. ಸಾಧ್ಯವೇ ಇಲ್ಲ!

ಆಗ ಹೊಳೆಯಿತು ವಿಮೆ. ನಮ್ಮಿಬ್ಬರಿಗೂ ಸೇರಿ ಯಜಮಾನರ ಹೆಸರಿನಲ್ಲಿ ಒಂದು ಆರೋಗ್ಯ ವಿಮೆಯ ಪಾಲಿಸಿ ಇದೆ. (ಅದಕ್ಕೆ ಪಾಲಿಸಿ ಎಂದು ಯಾಕೆ ಹೆಸರು ಬಂತೆಂದರೆ, ಅವರು ಹೇಳಿದ್ದನ್ನೆಲ್ಲ ನಾವು ಪಾಲಿಸಬೇಕು, ಅಷ್ಟೇ.) ದೀರ್ಘಕಾಲದ ಕಾಯಿಲೆಗಳ ಔಷಧಿಗೆ ಅವರು ದುಡ್ಡು ಕೊಡುತ್ತಾರೆ. ರಕ್ತದೊತ್ತಡಕ್ಕೆ ಕೊಟ್ಟಿದ್ದರು, ಮಂಡಿಗೂ ಕೊಟ್ಟಿದ್ದರು. ಇದಕ್ಕೂ ಕೇಳಿ ಅರ್ಜಿ ಹಾಕಿದೆ.

ಉತ್ತರ ಬಂತು: "ತಮ್ಮ ಚಿಂತೆಯು ವಯೋಸಹಜವಾಗಿದ್ದು, ಕಾಯಿಲೆಯ ವ್ಯಾಪ್ತಿಗೆ ಬರುವುದಿಲ್ಲ."

ವಯೋಸಹಜ! ಬೆಂಕಿಗೆ ತುಪ್ಪ ಸುರಿದಂತಾಯಿತು. ಫೋನು ಮಾಡಿದೆ. "ದಯವಿಟ್ಟು ಕಾಯಿರಿ, ನಿಮ್ಮ ಕರೆ ನಮಗೆ ಅಮೂಲ್ಯ" ಎಂದು ಒಂದು ಹೆಣ್ಣುದನಿ ಹೇಳಿ, ಪಿಟೀಲು ಬಾರಿಸತೊಡಗಿತು. ಜೀವಮಾನವಿಡೀ ಜನರನ್ನು ಲೈನಿನಲ್ಲಿ ಕಾಯಿಸಿದ ನನ್ನನ್ನೇ ಕಾಯಿಸುವುದೇ? ಪಿಟೀಲು ಮುಗಿದು, ಕೊಳಲು ಬಂದು, ಮತ್ತೆ ಪಿಟೀಲಾಯಿತು. ಅನ್ನ ತಳಹಿಡಿಯಿತು. ಫೋನಿಟ್ಟು, ಸೀರೆ ಬದಲಿಸಿ, ಅವರ ಆಫೀಸಿಗೇ ದಂಡಯಾತ್ರೆ ಹೊರಟೆ.

ಅಲ್ಲಿ ನನಗೆ ಸಿಕ್ಕ ಅಧಿಕಾರಿಗೆ ನಾನಿಟ್ಟ ಹೆಸರು ಪರಿಶೀಲನಾಚಾರ್ಯರು. ಏನು ಕೇಳಿದರೂ "ಪರಿಶೀಲಿಸ್ತೀವಿ ಅಮ್ಮಾ" ಎನ್ನುವ ಮನುಷ್ಯ. ನಾನು ಕನ್ನಡಕದ ಮೇಲೆ ಭೂತಗನ್ನಡಿಯನ್ನೂ ಹಿಡಿದು ಪಾಲಿಸಿಯ ಪುಸ್ತಕದಲ್ಲಿ ಇರುವೆ ಗಾತ್ರದ ಅಕ್ಷರಗಳನ್ನು ಹುಡುಕಿ ಗೀಟು ಎಳೆದುಕೊಂಡು ಹೋಗಿದ್ದೆ.

"ಇಲ್ಲಿ ಓದಿ. 'ಮನಸ್ಸಿನ ಕಾಯಿಲೆಯನ್ನು ದೇಹದ ಕಾಯಿಲೆಗೆ ಸಮನಾಗಿ ಪರಿಗಣಿಸಲಾಗುವುದು.' ನೀವೇ ಬರೆದಿರೋದು."

"ಅದು ಕಾಯಿಲೆಗೆ ಅಮ್ಮಾ. ನಿಮ್ಮದು ವಯಸ್ಸಿನ ಚಿಂತೆ. ವಯಸ್ಸಾದ ಮೇಲೆ ಎಲ್ಲರಿಗೂ ಇದ್ದಿದ್ದೇ."

"ಮಂಡಿನೋವೂ ವಯಸ್ಸಾದ ಮೇಲೆ ಇದ್ದಿದ್ದೇ. ಅದಕ್ಕೆ ಕೊಟ್ರಲ್ಲ? ಮಂಡಿಗಿರೋ ಮರ್ಯಾದೆ ನನ್ನ ತಲೆಗಿಲ್ವಾ?"

ಆಚಾರ್ಯರು ನೀರು ಕುಡಿದರು. ಅಕ್ಕಪಕ್ಕದ ಮೇಜಿನವರು ಕೀಬೋರ್ಡು ಕುಟ್ಟುವುದನ್ನು ನಿಲ್ಲಿಸಿ ಕಿವಿಗೊಟ್ಟರು.

"ನೋಡಿ ಅಮ್ಮಾ, ನೀವು ಇಷ್ಟು ಧೈರ್ಯವಾಗಿ, ಲಾಯರ್ ಥರ ಮಾತಾಡ್ತಿದೀರ. ನಿಮಗೆ ಗಾಬರಿ ಎಲ್ಲಿದೆ?"

"ಮಾತ್ರೆ ತಗೊಂಡಿದೀನಲ್ಲ, ಅದಕ್ಕೇ ಇಲ್ಲ!"

"ಹಾಗಾದ್ರೆ ವಾಸಿಯಾಯ್ತು. ವಾಸಿಯಾದೋರಿಗೆ ಮಾತ್ರೆ ಯಾಕೆ?"

"ಕನ್ನಡಕ ಹಾಕ್ಕೊಂಡು ನಿಮ್ಮ ಪುಸ್ತಕ ಓದಿದೀನಿ. ಕಣ್ಣು ಚೆನ್ನಾಗಿ ಕಾಣುತ್ತೆ ಅಂತ ಕನ್ನಡಕ ಕಿತ್ಕೋತೀರಾ?"

ಹಿಂದಿನ ಬೆಂಚಿನಿಂದ ಯಾರೋ ಚಪ್ಪಾಳೆ ತಟ್ಟಿದರು. ಆಚಾರ್ಯರು ಸೋತು, "ಸೋಮವಾರ ನಮ್ಮ ಕಂಪನಿ ಡಾಕ್ಟರು ಬರ್ತಾರೆ. ಅವರೇ ಮುಖತಃ ನೋಡಿ ಪರಿಶೀಲಿಸ್ತಾರೆ" ಎಂದರು.

ದಾರಿಯುದ್ದಕ್ಕೂ ನನಗೆ ಒಂದೇ ಯೋಚನೆ. ಮಾತ್ರೆ ನುಂಗಿ ಹೋದರೆ ಆ ಡಾಕ್ಟರಿಗೂ ನಾನು ಝಾನ್ಸಿಯ ರಾಣಿಯಾಗಿಯೇ ಕಾಣುತ್ತೇನೆ. ನನ್ನ ಕಾಯಿಲೆಯ ವಿಶ್ವರೂಪದರ್ಶನ ಆಗಬೇಕಾದರೆ ಮಾತ್ರೆ ನಿಲ್ಲಿಸಿ ಹೋಗಬೇಕು. ಎಂಥ ಅದ್ಭುತ ಉಪಾಯ! ಯಾರನ್ನೂ ಕೇಳಲಿಲ್ಲ, ಯಾರಿಗೂ ಹೇಳಲಿಲ್ಲ. ವಾರದ ಕೊನೆಯಲ್ಲಿ ಮಾತ್ರೆಯನ್ನು ಡಬ್ಬಿಯಲ್ಲೇ ಮಲಗಿಸಿದೆ.

ವಿಶ್ವರೂಪದರ್ಶನ ಆಯಿತು. ಆದರೆ ಡಾಕ್ಟರಿಗಲ್ಲ, ನನಗೆ. ಸೋಮವಾರ ಬೆಳಗ್ಗೆ ಎದ್ದಾಗಲೇ ಅಂಗೈ ತಣ್ಣಗೆ ಕೊರೆಯುತ್ತಿತ್ತು. ಬೀಗ ಹಾಕಿ ಗೇಟಿನವರೆಗೆ ಹೋಗಿ, ಗ್ಯಾಸು ಆರಿಸಿದೆನೋ ಇಲ್ಲವೋ ಎಂದು ಹಿಂದೆ ಬಂದೆ. ಮತ್ತೆ ಗೇಟಿಗೆ ಹೋಗಿ, ನಲ್ಲಿ ನೋಡಲು ಬಂದೆ. ಆಮೇಲೆ, ನಲ್ಲಿ ನೋಡುವಾಗ ಗ್ಯಾಸಿನ ಗುಂಡಿಗೆ ಕೈ ತಗುಲಿತೇನೋ ಎಂದು ಮತ್ತೆ ಬಂದೆ. ಆಟೋದವನು ಹಾರನ್ನು ಬಾರಿಸಿದ. ಯಜಮಾನರು ತಾವೂ ಇನ್ನೊಂದು ಹಾರನ್ನಾದರು.

ಆಫೀಸಿನ ಕಟ್ಟಡ ತಲುಪಿದೆವು. ಲಿಫ್ಟಿನ ಬಾಗಿಲು ತೆರೆಯಿತು. ಅದರೊಳಗಿನ ಕನ್ನಡಿ, ಟ್ಯೂಬ್‌ಲೈಟು, ಜನ. ನನ್ನ ಕಾಲು ಅಲ್ಲೇ ಬೇರು ಬಿಟ್ಟಿತು. ಉಸಿರು ಸಾಲದಾಯಿತು. ಕೆಳಗಿನ ಹಜಾರದ ಬೆಂಚಿನ ಮೇಲೆ ಕುಸಿದು ಕೂತೆ.

"ಏನಾಯ್ತೇ? ಬಾ, ಡಾಕ್ಟರು ಕಾಯ್ತಿರ್ತಾರೆ!"

"ಆಗಲ್ಲ ರೀ. ನೀವೇ ಹೋಗಿ."

"ನಾನಾ? ಹೋಗಿ ಏನಂತ ಹೇಳಲಿ?"

"ನನಗೆ ಹೇಗಾಗುತ್ತೆ ಅಂತ ಹೇಳಿ. ಇಷ್ಟು ವರ್ಷ ಜೊತೇಲೇ ಇದ್ದು ನೋಡಿದೀರಲ್ಲ."

ಅವರು ನನ್ನ ಮುಖ ನೋಡಿದರು. ಆಮೇಲೆ ಫೈಲನ್ನು ಕಂಕುಳಲ್ಲಿ ಇರುಕಿಕೊಂಡು, ಲಿಫ್ಟಿಗೂ ಕಾಯದೆ, ಬೆಂಕಿ ಬಿದ್ದ ಮನೆಗೆ ನುಗ್ಗುವವರ ಹಾಗೆ ಮೆಟ್ಟಿಲು ಹತ್ತಿದರು.

ನಾನು ಬೆಂಚಿನಿಂದಲೇ ನಮ್ಮ ಡಾಕ್ಟರಮ್ಮನಿಗೆ ಫೋನು ಮಾಡಿ ಉಪಾಯವನ್ನು ವಿವರಿಸಿದೆ. ಅವರು ಮೆಚ್ಚಲಿಲ್ಲ.

"ಯಾರನ್ನ ಕೇಳಿ ನಿಲ್ಲಿಸಿದ್ರಿ? ಈ ಮಾತ್ರೆ ಹಾಗೆ ಥಟ್ಟಂತ ನಿಲ್ಲಿಸೋ ಹಾಗಿಲ್ಲ ಅಂತ ಎಷ್ಟು ಸಲ ಹೇಳಿದೀನಿ! ಮನೆಗೆ ಹೋಗಿ ಇವತ್ತಿನ ಮಾತ್ರೆ ತಗೊಳ್ಳಿ. ಸಂಜೆ ನನ್ನ ಹತ್ರ ಬನ್ನಿ. ಇನ್ನೊಂದ್ಸಲ ಈ ನಾಟಕ ಆಡಿದ್ರೆ ನೋಡಿ ಮತ್ತೆ!"

ತುಂಬ ಹೊತ್ತಾಯಿತು. ಲಿಫ್ಟು ಕೆಳಗೆ ಬಂತು. ಒಳಗಿನಿಂದ ಇಳಿದವರು ನಮ್ಮ ಯಜಮಾನರೇ. ಆದರೆ ಮುಖದಲ್ಲಿ ರಕ್ತವಿಲ್ಲ, ಅಂಗಿ ಬೆವರಿನಿಂದ ತೊಯ್ದಿದೆ, ಕೈಯಲ್ಲಿ ಅರ್ಧ ಕುಡಿದ ನೀರಿನ ಲೋಟ. ಪರಿಶೀಲನಾಚಾರ್ಯರು ಅವರ ತೋಳು ಹಿಡಿದು ನಡೆಸಿಕೊಂಡು ಬರುತ್ತಿದ್ದರು. ನನ್ನ ಗಾಬರಿ ಎಲ್ಲಿ ಹೋಯಿತೋ ಗೊತ್ತಿಲ್ಲ, ಎದ್ದು ಓಡಿದೆ.

"ಏನ್ ಮಾಡಿದ್ರಿ ಇವರಿಗೆ?"

"ನಾವೇನೂ ಮಾಡಿಲ್ಲ ಅಮ್ಮಾ" ಎಂದರು ಆಚಾರ್ಯರು. ಯಜಮಾನರನ್ನು ಬೆಂಚಿನ ಮೇಲೆ ಕೂರಿಸಿ, ನನ್ನನ್ನು ಪಕ್ಕಕ್ಕೆ ಕರೆದು ನಡೆದದ್ದನ್ನು ಹೇಳಿದರು.

ಯಜಮಾನರು ಮೊದಲು ನನ್ನ ವಿಷಯವನ್ನು ಸರಿಯಾಗಿಯೇ ಹೇಳತೊಡಗಿದರಂತೆ. ಫೋನು, ರಸ್ತೆ, ಗೇಟು, ಎಲ್ಲ. ಕಂಪನಿಯ ಡಾಕ್ಟರು ಸುಮ್ಮನೆ ಒಂದು ಪ್ರಶ್ನೆ ಕೇಳಿದರಂತೆ: "ಅವರಿಗೆ ಹಾಗಾದಾಗ ನೀವೇನ್ ಮಾಡ್ತೀರಿ?"

ಅಲ್ಲಿಂದ ಕಟ್ಟೆ ಒಡೆಯಿತಂತೆ. "ಏನ್ ಮಾಡ್ಲಿ ಸಾರ್? ಬೆಂಕಿಯಾದ್ರೆ ನೀರು ಹಾಕ್ತೀನಿ. ಇದಕ್ಕೆ ಏನ್ ಹಾಕ್ಲಿ? ಅವಳು ಮಾರ್ಕೆಟ್ಟಿಗೆ ಹೋದ್ರೆ ತಾರಸಿ ಹತ್ತಿ, ರಸ್ತೆ ದಾಟಿದಳಾ ಅಂತ ನೋಡ್ತೀನಿ. ಬರೋದು ತಡ ಆದ್ರೆ ಹೊಟ್ಟೆಯೊಳಗೆ ಸೈರನ್ನು ಹೊಡ್ಕೊಳತ್ತೆ. ಮಲಗಿದ್ರೆ ಮೂಗಿನ ಹತ್ರ ಬೆರಳಿಟ್ಟು ಉಸಿರು ಇದೆಯಾ ಅಂತ ನೋಡ್ತೀನಿ. ನನಗೆ ಭಯ ಅಂತ ಗೊತ್ತಾದ್ರೆ ಅವಳು ಇನ್ನೂ ಹೆದರ್ತಾಳೆ. ಅದಕ್ಕೇ ಎಲ್ಲಾ ಭ್ರಮೆ, ಭ್ರಮೆ ಅಂತ ಬೈತಾ ಇರ್ತೀನಿ" ಎಂದು ಹೇಳುತ್ತಲೇ ಬೆವತು, ಕೈ ನಡುಗಿ, ಫೈಲನ್ನು ಡಾಕ್ಟರ ಕಾಲ ಮೇಲೆ ಬೀಳಿಸಿದರಂತೆ. ಡಾಕ್ಟರು ನಾಡಿ ಹಿಡಿದು, ನನ್ನ ಫೈಲನ್ನು ಮುಚ್ಚಿ, ಹೊಸದೊಂದು ಹಾಳೆ ತೆಗೆದುಕೊಂಡರಂತೆ.

ನಾನು ಬೆಂಚಿನತ್ತ ನೋಡಿದೆ. ಮೀಸೆಯ ಕೊನೆ ಸುಟ್ಟುಹೋದಾಗಲೂ ನಕ್ಕುಕೊಂಡು ಮನೆಗೆ ಬಂದಿದ್ದ ಮನುಷ್ಯ, ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, ಅಪರಾಧ ಮಾಡಿದವರ ಹಾಗೆ ನೆಲ ನೋಡುತ್ತಿದ್ದರು. ಪಕ್ಕದಲ್ಲಿ ಕೂತು, "ತಾರಸಿಯಿಂದ ಮಾರ್ಕೆಟ್ಟು ಕಾಣುತ್ತೇನ್ರೀ?" ಎಂದೆ.

"ಮೂಲೆಯಲ್ಲಿ ನಿಂತು ಬಗ್ಗಿದ್ರೆ ಕಾಣುತ್ತೆ" ಎಂದರು.

(ಇಲ್ಲಿಗೇ ಕಥೆ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು! ಆದರೆ ವಿಮಾ ಕಂಪನಿ ಇನ್ನೂ ಪರಿಶೀಲಿಸುತ್ತಿತ್ತು.)

ನಮ್ಮ ಡಾಕ್ಟರಮ್ಮ ಇಬ್ಬರನ್ನೂ ನೋಡಿದರು. ಯಜಮಾನರಿಗೂ ಒಂದು ಮಾತ್ರೆ ಶುರುವಾಯಿತು, ವಾರಕ್ಕೊಮ್ಮೆ ಕೂತು ಮಾತಾಡುವ ಸಲಹೆಗಾರರೂ ಗೊತ್ತಾದರು. ಅವರದಕ್ಕೂ ಒಂದು ಅರ್ಜಿ ಹೋಯಿತು. ಸ್ವಲ್ಪ ದಿನಕ್ಕೆ ಕಂಪನಿಯಿಂದ ಇಬ್ಬರ ಹೆಸರಿಗೂ ಉತ್ತರ ಬಂತು. ಯಜಮಾನರದು ಮಂಜೂರು! ಮಾತ್ರೆ, ಸಲಹೆಗಾರರ ಶುಲ್ಕ, ಸಕಲವೂ. ಜೊತೆಗೆ ಕಂಪನಿ ಡಾಕ್ಟರ ಷರಾ: "ಇವರೆದುರು ಏರುದನಿಯಲ್ಲಿ ಮಾತನಾಡಬಾರದು. ಒತ್ತಡ ತರುವ ಯಾವ ಕಾಗದಪತ್ರದ ವ್ಯವಹಾರವನ್ನೂ ಇವರಿಗೆ ಒಪ್ಪಿಸಬಾರದು."

ನನ್ನದರಲ್ಲಿ ಹೀಗಿತ್ತು: "ಮನೆಯಲ್ಲಿ ಆತಂಕದ ರೋಗಿಯೊಬ್ಬರು ಇರುವುದರಿಂದ ತಮ್ಮ ಚಿಂತೆಗೆ ಸೂಕ್ತ ಕಾರಣವಿರುವುದು ಕಂಡುಬಂದಿದೆ. ಸಕಾರಣ ಚಿಂತೆಯು ಕಾಯಿಲೆಯಲ್ಲ."

ಸುಮ್ಮನೆ ಬಿಡುವವಳೇ ನಾನು? ಮಾರನೆಯ ದಿನ ಮಾತ್ರೆ ನುಂಗಿ, ಸೆರಗು ಬಿಗಿದು, ಲಿಫ್ಟಿನಲ್ಲೇ ಮೇಲಕ್ಕೆ ಹೋದೆ. ಪರಿಶೀಲನಾಚಾರ್ಯರು ಎದ್ದು ನಿಂತರು.

"ಬನ್ನಿ ಅಮ್ಮಾ. ಪೇಷೆಂಟ್ ಹೇಗಿದಾರೆ?"

"ಪೇಷೆಂಟ್ ನಿಮ್ಮ ಮುಂದೇನೇ ನಿಂತಿದಾಳೆ! ಮೊದಲು ಬರೀ ವಯಸ್ಸು, ಬೇರೆ ಕಾರಣ ಇಲ್ಲ ಅಂತ ಕೊಡಲಿಲ್ಲ. ಈಗ ಕಾರಣ ಇದೆ ಅಂತ ಕೊಡಲ್ಲ. ಕಾರಣ ಅರ್ಧ ಇದ್ರೆ ಕೊಡ್ತೀರಾ? ಮುದುಕರ ಮಂಡಿ ಸವೆದ್ರೆ ಕಾಯಿಲೆ, ಮನಸ್ಸು ಸವೆದ್ರೆ ಸ್ವಭಾವ ಅನ್ನೋದು ಯಾವ ನ್ಯಾಯ? ನಾನು ಮೇಲ್ಮನವಿ ಹಾಕ್ತೀನಿ. ಅದರ ಮೇಲೆ ಯಾರಿದಾರೋ ಅವರಿಗೂ ಹಾಕ್ತೀನಿ!"

ಆಚಾರ್ಯರು ಭಕ್ತಿಯಿಂದ ಕೇಳಿಸಿಕೊಂಡರು. "ಖಂಡಿತಾ ಹಾಕಿ ಅಮ್ಮಾ. ನನಗೂ ನಿಮ್ಮದೇ ನ್ಯಾಯ ಅನ್ಸುತ್ತೆ. ಪಾಲಿಸಿ ಯಜಮಾನರ ಹೆಸರಲ್ಲಿದೆಯಲ್ಲ, ಅವರ ಒಂದು ಸೈನು ಬೇಕು, ಅಷ್ಟೆ." ಆಮೇಲೆ ಕಂಪ್ಯೂಟರು ನೋಡಿ ಮುಖ ಹುಳ್ಳಗೆ ಮಾಡಿದರು. "ಅಯ್ಯೋ... ಅವರಿಗೆ ಒತ್ತಡದ ಕಾಗದ ಕೊಡೋ ಹಾಗಿಲ್ಲ ಅಂತ ನಮ್ಮ ಡಾಕ್ಟರೇ ಬರೆದಿದಾರೆ. ಅವರು ಪೂರ್ತಿ ವಾಸಿಯಾಗೋವರೆಗೂ ಕಾಯಬೇಕಾಗತ್ತೆ."

ಕಾಯುತ್ತೇನೆ. ಗಂಡನನ್ನು ವಾಸಿಮಾಡಿಯೇ ಹಾಕುತ್ತೇನೆ ಮೇಲ್ಮನವಿ. ಹಾಗೆಂದು ಮೆಟ್ಟಿಲಿಳಿಯುತ್ತಾ ಶಪಥ ಮಾಡಿ ಮನೆಗೆ ಬಂದೆ. ಬುಸುಗುಡುತ್ತಾ ಚಪ್ಪಲಿ ಬಿಟ್ಟೆ. ಯಜಮಾನರು ಆರಾಮಕುರ್ಚಿಯಲ್ಲಿ ಕಾಲು ಚಾಚಿ, ಹಾಡು ಗುನುಗುತ್ತಾ ಕೂತಿದ್ದರು. ನನ್ನ ಮುಖ ನೋಡಿ, ಅಪಾರ ಕರುಣೆಯಿಂದ ಅಂದರು:

"ಯಾಕೆ ಅಷ್ಟೊಂದು ಗಾಬರಿ ಪಡ್ತೀಯೇ? ನನ್ನ ಮಾತು ಕೇಳು. ಈ ಆತಂಕಕ್ಕೆ ಅಂತಲೇ ಒಂದು ಮಾತ್ರೆ ಬರುತ್ತೆ. ಒಂದ್ಸಲ ಡಾಕ್ಟರನ್ನ ಕೇಳಿ ನೋಡು. ಎಷ್ಟು ಹಾಯಾಗಿರುತ್ತೆ ಗೊತ್ತಾ!"

ಏರುದನಿಯಲ್ಲಿ ಮಾತನಾಡುವಂತಿಲ್ಲ. ಹಲ್ಲು ಕಚ್ಚಿಕೊಂಡು, ತುಂಬ ಮೆತ್ತಗೆ, "ಹೌದೇನ್ರೀ?" ಎಂದೆ.