ಅಕ್ಕ ಊದಿದರೆ ಲ್ಯಾಬ್ ಚಾಲೂ

ಜನರಿಂದ ಊದಿಸುವುದೇ ಕೆಲಸವಾದ ಜಾಗದಲ್ಲಿ ನಗೆಗೆ ಬರವಿಲ್ಲ. ವಾರಕ್ಕೊಂದಾದರೂ ಪ್ರಸಂಗ ನಡೆದೇ ನಡೆಯುತ್ತದೆ. ಅವತ್ತು ನಗುತ್ತೇವೆ, ಹೊಟ್ಟೆ ಉರಿಯುವುದು ಆಮೇಲೆ.

ನಾನು ಹುಮನಾಬಾದಿನ ಒಂದು ಶ್ವಾಸಕೋಶ ಸಂಶೋಧನಾ ಲ್ಯಾಬಿನಲ್ಲಿ ಟೆಕ್ನಿಶಿಯನ್. ಲ್ಯಾಬ್ ಎಂದ ಕೂಡಲೇ ಏನೇನೋ ಕಲ್ಪಿಸಿಕೊಳ್ಳಬೇಡಿ. ಹೆದ್ದಾರಿಯ ಪಕ್ಕ ಒಂದು ಬಾಡಿಗೆ ಮನೆ, ಅದರ ಮೇಲಂತಸ್ತಿನಲ್ಲಿ ಎರಡು ಕೋಣೆ, ಒಂದು ಫ್ರಿಜ್, ಒಂದು ಕಂಪ್ಯೂಟರ್, ಒಂದು ಮಷಿನ್. ಲಾರಿಗಳ ಧೂಳು ದಿನವಿಡೀ ಕಿಟಕಿಯಿಂದ ಒಳಗೆ ಬರುತ್ತದೆ. ಅದನ್ನು ನಾವು ಗಮನಿಸುವಂತಿಲ್ಲ, ಏಕೆಂದರೆ ನಮ್ಮ ಸಂಶೋಧನೆಯ ವಿಷಯ ಒಲೆಯ ಹೊಗೆ. ನಾವು ಒಟ್ಟು ನಾಲ್ಕು ಜನ. ತಿಂಗಳಿಗೊಮ್ಮೆ ದೊಡ್ಡ ಊರಿನಿಂದ ಬರುವ ಡಾಕ್ಟರ್ ಸಾಹೇಬರು, ಜೀಪಿನ ಡ್ರೈವರ್, ನಾನು, ಮತ್ತೆ ಅಕ್ಕ. ಲ್ಯಾಬಿನ ಕಸ ಗುಡಿಸುವವಳು, ಹಳ್ಳಿಗಳಲ್ಲಿ ಮನೆಮನೆ ತಿರುಗಿ ಹೆಂಗಸರನ್ನು ಒಪ್ಪಿಸಿ ಕರೆತರುವವಳು ಅಕ್ಕನೇ. ಉಳಿದ ಮೂವರು ಒಂದು ವಾರ ಬರದಿದ್ದರೂ ಲ್ಯಾಬ್ ನಡೆಯುತ್ತದೆ. ಅಕ್ಕ ಒಂದು ದಿನ ಬರದಿದ್ದರೆ ಬೀಗದ ಕೈ ಎಲ್ಲಿದೆ ಎಂಬುದೂ ನಮಗೆ ಗೊತ್ತಾಗುವುದಿಲ್ಲ.

ಸೊಸೆಯ ಉಸಿರು

ನಮ್ಮ ಪರೀಕ್ಷೆ ಸುಲಭ. ಮಷಿನ್ನಿನ ಕೊಳವೆ ಬಾಯಲ್ಲಿಟ್ಟುಕೊಂಡು, ಎದೆ ತುಂಬ ಉಸಿರೆಳೆದು, ಒಂದೇ ದಮ್ಮಿಗೆ ಪೂರ್ತಿ ಊದಬೇಕು. ಎದೆಗೆ ಎಷ್ಟು ಬಲವಿದೆ ಎಂದು ಮಷಿನ್ ನಂಬರಿನಲ್ಲಿ ತೋರಿಸುತ್ತದೆ. ಪಕ್ಕದಲ್ಲಿ ನಿಂತು ನಾನು ಕೂಗಬೇಕು: "ಊದ್ರಿ, ಇನ್ನಾ ಊದ್ರಿ, ಬಿಡಬ್ಯಾಡ್ರಿ, ಇನ್ನಾ ಇನ್ನಾ." ಇಷ್ಟು ಕೂಗುವುದಕ್ಕೆ ನಾನು ಡಿಗ್ರಿ ಓದಿದ್ದೇನೆ.

ಮಷಿನ್ನನ್ನು ಜೀಪಿನಲ್ಲಿಟ್ಟುಕೊಂಡು ನಿರ್ಣಾ ಎಂಬ ಹಳ್ಳಿಗೆ ಹೋದಾಗ ಒಬ್ಬಳು ಸೊಸೆ ಬಂದಳು. ಗಟ್ಟಿಮುಟ್ಟಾದ ಹೆಣ್ಣುಮಗಳು, ಆದರೆ ಊದಿದರೆ ದೀಪ ಕೂಡ ಆರುವಂತಿರಲಿಲ್ಲ. ಮೂರು ಸಲ ಊದಿಸಿದೆ. ಮಷಿನ್ನಿನ ಪ್ರಕಾರ ಆಕೆ ಹಾಸಿಗೆ ಹಿಡಿದಿರಬೇಕಿತ್ತು. ನಾನು ಗಾಬರಿಯಿಂದ ಕಾಗದ ತುಂಬತೊಡಗಿದಾಗ ಅಕ್ಕ ಬಂದು ಕಿವಿಯಲ್ಲಿ ಹೇಳಿದಳು, "ಸರ್ರ, ಹಿಂದ ನೋಡ್ರಿ. ಆಕಿ ಮಾವ ಕುಂತಾರ. ಮಾವನ ಮುಂದ ಸೊಸಿ ಗಲ್ಲ ಉಬ್ಬಿಸಿ ಊದತಾಳೇನ್ರಿ?"

ಮಾವನನ್ನು ಚಹಾ ಕುಡಿಯಲು ಹೊರಗೆ ಕಳಿಸಿದೆವು. ಸೊಸೆ ಸೆರಗು ಸರಿಸಿ ಊದಿದಳು. ನಂಬರು ಎಷ್ಟು ಮೇಲೆ ಹೋಯಿತೆಂದರೆ ಡ್ರೈವರ್ ಎದ್ದು ಬಂದು ನೋಡಿದ.

ಆಮೇಲೆ ಮಾವನ ಸರದಿ. ಪಾಪ, ಅವರ ಎದೆ ನಿಜವಾಗಿಯೂ ಸೋತಿತ್ತು. ಎಷ್ಟು ಊದಿದರೂ ನಂಬರು ಏಳಲಿಲ್ಲ. ಅವರು ಕೊಳವೆ ಬಾಯಿಂದ ತೆಗೆದು ನನ್ನನ್ನೇ ಗದರಿಸಿದರು, "ಮೊದಲ ನನ್ನ ಸೊಸಿನ್ನ ಹೊರಗ ಕಳಸ್ರಿ. ನಂದೂ ಏರತದ."

ಗಟ್ಟಿ ಎದೆ ಯಾರದು

ಇಂಥ ಲ್ಯಾಬುಗಳಲ್ಲಿ ಒಂದು ಪದ್ಧತಿಯಿದೆ. ಮಷಿನ್ ಸರಿಯಿದೆಯೋ ಇಲ್ಲವೋ ತಿಳಿಯಲು ಸಿಬ್ಬಂದಿಯಲ್ಲಿ ಆರೋಗ್ಯವಂತರಾದ ಒಬ್ಬರು ತಪ್ಪದೆ ಬೆಳಿಗ್ಗೆ ಅದಕ್ಕೆ ಊದಬೇಕು. ಅವರ ನಂಬರು ಎಂದಿನಂತೆ ಬಂದರೆ ಮಷಿನ್ ಸರಿ. ಬದಲಾದರೆ ಮಷಿನ್ನಿನಲ್ಲಿ ಏನೋ ಕೆಟ್ಟಿದೆ.

ಲ್ಯಾಬ್ ಶುರುವಾದ ದಿನ ಆ ಒಬ್ಬರನ್ನು ಹುಡುಕಿದೆವು. ಡ್ರೈವರ್ ಬೀಡಿ ಸೇದುತ್ತಾನೆ. ನಾನು ಮನೆಯ ಹಿಂದೆ ಹೋಗಿ ದಿನಕ್ಕೆರಡು ಸಿಗರೇಟು ಸೇದುತ್ತೇನೆ. ಡಾಕ್ಟರ್ ಸಾಹೇಬರ ಬಗ್ಗೆ ನಾನು ಹೇಳುವುದಿಲ್ಲ, ಆದರೆ ಮನೆಯ ಹಿಂದೆ ನಾನು ಒಬ್ಬನೇ ನಿಲ್ಲುತ್ತಿರಲಿಲ್ಲ. ಕೊನೆಗೆ ಉಳಿದವಳು ಪೊರಕೆ ಹಿಡಿದಿದ್ದ ಅಕ್ಕ.

ಅಕ್ಕ ಊದಿದಳು. ಒಳ್ಳೆಯ ನಂಬರು ಬಂತು. ಅದನ್ನು ರಟ್ಟಿನ ಮೇಲೆ ಬರೆದು ಗೋಡೆಗೆ ಅಂಟಿಸಿದೆವು. ಅವತ್ತಿನಿಂದ ಅಕ್ಕನ ನಡಿಗೆಯೇ ಬದಲಾಯಿತು. ನೆರೆಯವರಿಗೆಲ್ಲ ಹೇಳಿಕೊಂಡು ತಿರುಗಿದಳು: "ನಾ ಊದಿದ್ರನ ಲ್ಯಾಬ್ ಚಾಲೂ ಆಗತದ. ಡಾಕ್ಟರ್ ಊದಿದ್ರ ಆಗಂಗಿಲ್ಲ." ಮಗಳನ್ನು ನರ್ಸಿಂಗ್ ಓದಿಸುತ್ತಿದ್ದದ್ದು ಇದೇ ಕೆಲಸದ ಮೇಲೆ. ಹಾಗಾಗಿ ಆ ನಂಬರಿಗೆ ದೇವರ ಫೋಟೋಕ್ಕೆ ಮಾಡುವಷ್ಟೇ ಉಪಚಾರ. ದಿನಾ ರಟ್ಟಿನ ಧೂಳು ಒರೆಸುತ್ತಿದ್ದಳು.

ಹೋದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಅಕ್ಕನ ನಂಬರು ಇಳಿಯತೊಡಗಿತು. ಶ್ವಾಸಕೋಶದ ಬಗ್ಗೆ ಓದಿದ ನಾವೆಲ್ಲ ಸುತ್ತ ನಿಂತು ಚಿಂತೆಯಿಂದ ನೋಡಿದೆವು. ನೋಡಿದ್ದು ಮಷಿನ್ನನ್ನು.

ಹೊದಿಕೆ ಹೊದ್ದ ಸಿಲಿಂಡರ್

ಊದಿಸುವ ಮೊದಲು ಪ್ರಶ್ನೆ ಕೇಳಬೇಕು. ಅದರಲ್ಲಿ ಮುಖ್ಯ ಪ್ರಶ್ನೆ, ಅಡುಗೆ ಗ್ಯಾಸಿನ ಮೇಲೋ ಕಟ್ಟಿಗೆ ಒಲೆಯ ಮೇಲೋ ಎಂಬುದು. ಎದುರಿನವರು ಹೇಳಿದ್ದನ್ನೇ ಬರೆಯಬೇಕು, ನಮ್ಮ ತಲೆ ಓಡಿಸುವಂತಿಲ್ಲ.

ಹುಲಸೂರಿನ ಒಂದು ಮನೆಗೆ ಹೋದೆವು. ಒಳಗೆ ಹೊಗೆಯಲ್ಲಿ ಮನುಷ್ಯರ ಮುಖ ಕಾಣುತ್ತಿರಲಿಲ್ಲ. ಹೊಗೆಯೊಳಗಿಂದ ಕೆಮ್ಮಿಕೊಂಡು ಒಬ್ಬ ಹೆಂಗಸು ಬಂದಳು. ಕಣ್ಣಲ್ಲಿ ದಳದಳ ನೀರು.

"ಅಡಿಗಿ ಯಾವುದರ ಮ್ಯಾಲ ಮಾಡ್ತೀರಿ?" ಎಂದೆ.

"ಗ್ಯಾಸ್ ಮ್ಯಾಲ್ರಿ."

"ಮತ್ತ ಈ ಹೊಗಿ?"

"ಅದು ಒಲಿದ್ರಿ."

ಗ್ಯಾಸ್ ಎಲ್ಲಿದೆ ಎಂದು ಕೇಳಿದರೆ ಪಡಸಾಲೆಗೆ ಕರೆದುಕೊಂಡು ಹೋಗಿ ಹೆಮ್ಮೆಯಿಂದ ತೋರಿಸಿದಳು. ಸಿಲಿಂಡರಿಗೆ ಕಸೂತಿ ಹಾಕಿದ ಹೊದಿಕೆ, ಅದರ ಮೇಲೆ ಹೂದಾನಿ. ಪುಕ್ಕಟೆ ಕೊಟ್ಟ ಸರಕಾರದವರು ಮತ್ತೆ ಬಂದು ನೋಡಿ, ಬಳಸುತ್ತಿಲ್ಲವೆಂದು ವಾಪಸು ಒಯ್ದಾರೆಂಬ ಭಯ, ಹಾಗಾಗಿ ಕೇಳಿದವರಿಗೆಲ್ಲ ಗ್ಯಾಸ್ ಎಂದೇ ಉತ್ತರ. ನಾನು ನಿಯಮದಂತೆ 'ಗ್ಯಾಸ್' ಎಂದು ಗುರುತು ಹಾಕಿದೆ. ನಮ್ಮ ಸಂಶೋಧನೆಯ ಪ್ರಕಾರ ಆ ಮನೆಯಲ್ಲಿ ಹೊಗೆಯಿಲ್ಲ.

ವಾಪಸು ಬರುವಾಗ ಜೀಪಿನಲ್ಲಿ ನಾನು ಇದನ್ನೇ ಹೇಳಿ ನಗುತ್ತಿದ್ದೆ. ಅಕ್ಕ ಕಿಟಕಿಯ ಕಡೆ ನೋಡುತ್ತ, "ನಂದೂ ಹಂಗೇ ಬರದೀರಲ್ರಿ" ಎಂದಳು.

ಕೆಲಸಕ್ಕೆ ಸೇರುವಾಗ ಅವಳ ಕಾಗದ ತುಂಬಿದ್ದೂ ನಾನೇ. ಗ್ಯಾಸ್ ಎಂದಿದ್ದಳು, ಗ್ಯಾಸ್ ಎಂದು ಬರೆದಿದ್ದೆ.

"ಗ್ಯಾಸ್ ಇಲ್ಲೇನು ಅಕ್ಕಾ?"

"ಗ್ಯಾಸ್ ಅದ ರಿ. ನಮ್ಮ ಭಾವ ಬಂದ್ರ ಚಾ ಮಾಡ್ತೀನಿ. ರೊಟ್ಟಿ ಎಲ್ಲಾ ತೊಗರಿ ಕಟಗಿ ಮ್ಯಾಲೇ. ಹೊಲದಾಗ ಪುಕ್ಕಟ ಸಿಗತಾವಲ್ರಿ."

ಒಲೆ ಹೊಗೆ ಕುಡಿದವರ ಎದೆ ಹೇಗಿರುತ್ತದೆ ಎಂದು ತಿಳಿಯಲು ಚಿಟಗುಪ್ಪ, ಹುಲಸೂರ ಎಂದು ಊರೂರು ಅಲೆಯುತ್ತಿದ್ದೆವು. ಜೀಪಿನ ಹಿಂದಿನ ಸೀಟಿನಲ್ಲಿ ಒಬ್ಬಳಿದ್ದಾಳೆ ಎಂಬುದು ಯಾರಿಗೂ ಹೊಳೆದಿರಲಿಲ್ಲ. ಮರುದಿನ ಅವಳ ಕಾಗದ ತಿದ್ದಲು ಕೂತೆ. ಒಮ್ಮೆ ಆರೋಗ್ಯವಂತರು ಎಂದು ಸೇರಿದವರನ್ನು ಬದಲಿಸಲಾಗದು ಎಂದಿತು ಕಂಪ್ಯೂಟರ್.

ಮಷಿನ್ನಿಗೆ ಕೌದಿ

ನಂಬರು ಇನ್ನೂ ಇಳಿಯಿತು. ಡಾಕ್ಟರ್ ಸಾಹೇಬರು ಫೋನಿನಲ್ಲಿ, "ಮಷಿನ್ನನ್ನು ಕೂಡಲೇ ಹೈದರಾಬಾದಿಗೆ ಒಯ್ಯಿರಿ, ಕಂಪನಿಯವರಿಗೆ ತೋರಿಸಿ, ತಡ ಮಾಡಬೇಡಿ" ಎಂದರು.

ಅಕ್ಕ ತನ್ನ ಮನೆಯಿಂದ ಹಳೆ ಸೀರೆಗಳನ್ನು ಹೊಲಿದ ಕೌದಿ ತಂದು ಮಷಿನ್ನಿಗೆ ಸುತ್ತಿದಳು. ನಾನು ಬಸ್ಸಿನಲ್ಲಿ ಅದನ್ನು ತೊಡೆಯ ಮೇಲೆ ಕೂರಿಸಿಕೊಂಡೆ. ಜಹೀರಾಬಾದ್ ದಾಟುವಷ್ಟರಲ್ಲಿ ಸಾಹೇಬರು ಮೂರು ಸಲ ಫೋನು ಮಾಡಿದರು. ಬಿಸಿಲು ಬೀಳುತ್ತಿಲ್ಲ ತಾನೆ? ಕುಲುಕುತ್ತಿಲ್ಲ ತಾನೆ? ಗಾಳಿ ಆಡುತ್ತಿದೆಯೇ? ಪಕ್ಕದಲ್ಲಿ ಕೂತ ಹೆಂಗಸು ಇದನ್ನೆಲ್ಲ ಕೇಳಿಸಿಕೊಂಡು, ಕೌದಿಯ ಕಡೆ ಕೈ ಮಾಡಿ ಮೆಲ್ಲಗೆ, "ಎಷ್ಟ ತಿಂಗಳ ಕೂಸ್ರಿ?" ಎಂದಳು.

ಕಂಪನಿಯವರು ಬಿಚ್ಚಿ ನೋಡಿ, ಏನೂ ಆಗಿಲ್ಲ ಎಂದು ವಾಪಸು ಕೊಟ್ಟರು.

ಇತ್ತ ಅಕ್ಕ ಲ್ಯಾಬಿನ ಮೆಟ್ಟಿಲು ಹತ್ತುವಾಗ ಅರ್ಧದಲ್ಲೇ ನಿಲ್ಲತೊಡಗಿದ್ದಳು. ಬೆಳಿಗ್ಗೆ ಬೇಗ ಬಂದು, ಶುಂಠಿ ಕಷಾಯ ಕುಡಿದು, ಬಾಗಿಲು ಹಾಕಿಕೊಂಡು ಊದುವ ತಾಲೀಮು ಮಾಡುತ್ತಿದ್ದಳು. ಒಂದು ದಿನ ನೇರವಾಗಿ ಕೇಳಿದಳು, "ನಂಬರ್ ಇಳದ್ರ ನನ್ನ ತೆಗೀತೀರೇನ್ರಿ? ಮಗಳದು ಇನ್ನಾ ಒಂದ ವರ್ಷ ಅದ."

"ಛೇ, ತಪ್ಪು ಮಷಿನ್ದು ಅಕ್ಕಾ, ನೀ ಫಿಕರ್ ಮಾಡಬ್ಯಾಡ" ಎಂದೆ. ಧೈರ್ಯ ಹೇಳಿದೆ ಅಂದುಕೊಂಡಿದ್ದೆ. ಈಗ ನೆನೆದರೆ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ.

ಕಲ್ಯಾಣದ ಸಭೆ

ಬಸವಕಲ್ಯಾಣದಲ್ಲಿ ಜನಜಾಗೃತಿ ಸಭೆ ಇಟ್ಟರು. ದೊಡ್ಡ ಪರದೆ, ಹಾರ, ಶಾಲು. ಡಾಕ್ಟರ್ ಸಾಹೇಬರು ಅಕ್ಕನನ್ನು ವೇದಿಕೆಗೆ ಕರೆದು, "ಆರೋಗ್ಯವಂತ ಶ್ವಾಸಕೋಶ ಹೇಗಿರುತ್ತದೆಂದು ಈಗ ನೀವೇ ನೋಡಿ" ಎಂದರು.

ಅಕ್ಕ ಊದಿದಳು. ಅರ್ಧಕ್ಕೇ ಕೆಮ್ಮು ಬಂತು. ಕೆಮ್ಮಿ ಕೆಮ್ಮಿ ಕುರ್ಚಿ ಹಿಡಿದು ಕೂತಳು. ಪರದೆಯ ಮೇಲೆ ನಂಬರು ಊರಿಗೆಲ್ಲ ಕಾಣುವಷ್ಟು ದೊಡ್ಡದಾಗಿ ಬಂತು, ತೀರ ಕಡಿಮೆ. ಸಾಹೇಬರು ನಕ್ಕು, "ಕರೆಂಟು ಏರಿಳಿತ ಇದ್ದರೆ ಹೀಗಾಗುತ್ತದೆ" ಎಂದರು.

ಎದುರು ಸಾಲಿನಲ್ಲಿ ಕೂತ ಒಬ್ಬ ಮುದುಕಿ ಎದ್ದು ನಿಂತಳು. "ಸಾಹೇಬ್ರ, ಕರೆಂಟ್ ಬಿಡ್ರಿ. ಆ ಹೆಣ್ಮಗಳಿಗಿ ದಮ್ಮ ಹತ್ತಾಕತ್ತದ್ರಿ."

"ಕೂತ್ಕೊಳ್ಳಿ ಅಮ್ಮ," ಎಂದರು ಸಾಹೇಬರು, "ಪ್ರಶ್ನೆಗಳಿಗೆ ಕೊನೆಯಲ್ಲಿ ಸಮಯವಿದೆ."

ಪಾಳಿ

ಮಷಿನ್ ಎರಡನೇ ಸಲ ಹೈದರಾಬಾದಿಗೆ ಹೋಗಿ ಬಂತು. ಈ ಸಲ ಕಂಪನಿಯವರು ಒಂದು ಚೀಟಿಯನ್ನೂ ಇಟ್ಟಿದ್ದರು. ಮಷಿನ್ ಸರಿಯಿದೆ, ಊದುವವರನ್ನು ನೋಡಿಕೊಳ್ಳಿ ಎಂದು ಅದರಲ್ಲಿತ್ತು.

ಚೀಟಿಯನ್ನು ಡಾಕ್ಟರ್ ಸಾಹೇಬರಿಗೆ ಫೋನಿನಲ್ಲಿ ಓದಿ ಹೇಳಿದೆ. "ಹಾಗಾದರೆ ಊದುವವರನ್ನು ಬದಲಿಸಿ" ಎಂದರು. "ಗುಡಿಸುವುದು ಊದುವುದು ಎರಡನ್ನೂ ಮಾಡುವವರು ಬೇರೆ ಯಾರಾದರೂ ಸಿಗುತ್ತಾರೆ, ನೋಡಿ."

"ಸರ್, ಅಕ್ಕನಿಗೆ ಒಮ್ಮೆ ತಪಾಸಣೆ ಮಾಡಿಸೋಣವೇ?"

"ಸಿಬ್ಬಂದಿಯನ್ನು ಅಧ್ಯಯನಕ್ಕೆ ಸೇರಿಸುವಂತಿಲ್ಲ. ನಿಯಮ ನಿಮಗೆ ಗೊತ್ತಲ್ಲ."

"ಅಧ್ಯಯನಕ್ಕಲ್ಲ ಸರ್, ಔಷಧಕ್ಕೆ."

"ಔಷಧ ನಮ್ಮ ಯೋಜನೆಯಲ್ಲಿಲ್ಲ" ಎಂದು ಫೋನು ಇಟ್ಟರು.

ಅಕ್ಕ ಬಾಗಿಲಲ್ಲೇ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಹೋಗಿ ರಟ್ಟಿನ ಧೂಳು ಒರೆಸಿದಳು. ನನಗೆ ಸಿಟ್ಟು ಬಂತು, ಸಾಹೇಬರ ಮೇಲಿಗಿಂತ ನನ್ನ ಮೇಲೇ ಹೆಚ್ಚು. ರಿಜಿಸ್ಟರ್ ತೆಗೆದು ಬರೆದೆ: 'ಮಷಿನ್ ಮತ್ತೆ ಕೆಟ್ಟಿದೆ. ಹೈದರಾಬಾದಿಗೆ ಒಯ್ಯಲಾಗುತ್ತಿದೆ. ಹಿಡಿದುಕೊಳ್ಳಲು ಒಬ್ಬರು ಹೆಚ್ಚುವರಿ ಬೇಕು.' ಮಷಿನ್ ಕೆಟ್ಟಿದೆ ಎಂದು ಕಾಗದದಲ್ಲಿ ಇರುವತನಕ ಅಕ್ಕ ಸರಿಯಿದ್ದಾಳೆ, ಅವಳ ಕೆಲಸವೂ ಇರುತ್ತದೆ. ಸಾಹೇಬರು ಫೋನಿನಲ್ಲೇ ಒಪ್ಪಿಗೆ ಕೊಟ್ಟರು. ಮಷಿನ್ನಿನ ವಿಷಯದಲ್ಲಿ ಅವರು ಎಂದೂ ತಡ ಮಾಡಿದವರಲ್ಲ.

ನಾನೂ ಅಕ್ಕನೂ ಹೈದರಾಬಾದಿನಲ್ಲಿ ಇಳಿದು ಕಂಪನಿಯ ಕಡೆ ಹೋಗದೆ ಸೀದಾ ಸರಕಾರಿ ಆಸ್ಪತ್ರೆಗೆ ಹೋದೆವು. ಅಲ್ಲಿಯ ಡಾಕ್ಟರು ವಯಸ್ಸಾದವರು, ಬೀದರ್ ಕಡೆಯ ಕನ್ನಡ ಬಲ್ಲವರು. ತಮ್ಮ ಮಷಿನ್ನಿಗೆ ಅಕ್ಕನಿಂದ ಊದಿಸಿದರು. ನಮ್ಮ ಮಷಿನ್ ಎಷ್ಟು ತೋರಿಸುತ್ತಿತ್ತೋ ಅಷ್ಟೇ ಬಂತು. ಎದೆಯ ಫೋಟೋ ತೆಗೆಸಿದರು, ಬೆನ್ನಿಗೆ ಸ್ಟೆತಾಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿದರು. ಹಾಳಾದದ್ದು ಮತ್ತೆ ಬರುವುದಿಲ್ಲ, ಇದ್ದದ್ದನ್ನು ಔಷಧದಿಂದ ಕಾಪಾಡಿಕೊಳ್ಳಬಹುದು, ಒಲೆ ಮಾತ್ರ ಇವತ್ತೇ ಬಿಡಬೇಕು ಎಂದರು.

ಬರೆಯುತ್ತ ಬರೆಯುತ್ತ ತಲೆಯೆತ್ತಿ ಗದರಿಸಿದರು. "ಏನವ್ವಾ, ಇಷ್ಟ ದಿನ ಏನ್ ಮಾಡಾಕತ್ತಿದ್ದಿ? ನಂಬರ್ ಇಳಿಯಾಕ ಹತ್ತಿದ ದಿನಾನೇ ಬರಬೇಕಿತ್ತಲ್ಲ."

ಅಕ್ಕ ಸೆರಗು ಸರಿಮಾಡಿಕೊಂಡು, ಉಸಿರು ಹಿಡಿದು, ವಿನಯದಿಂದ ಹೇಳಿದಳು, "ಬರ್ತಿದ್ದೆ ರಿ ಸಾಹೇಬ್ರ. ನನಗಿಂತ ಮೊದಲ ಮಷಿನ್ದು ಪಾಳಿ ಇತ್ತು."

ಡಾಕ್ಟರಿಗೆ ಏನೂ ಅರ್ಥವಾಗಲಿಲ್ಲ, ನನ್ನ ಮುಖ ನೋಡಿದರು. ಮಷಿನ್ ನನ್ನ ತೊಡೆಯ ಮೇಲೆ ಅಕ್ಕನ ಕೌದಿ ಹೊದ್ದು ಬೆಚ್ಚಗೆ ಕೂತಿತ್ತು.