ಚಸ್ಮಾದ ಮೇಲೊಂದು ಗೇಣು ಸೆರಗು

ಎಲ್ಲವನ್ನೂ ಬರೆದಿಡುವವರು ಜಾಣರೆಂದು ಜನ ನಂಬುತ್ತಾರೆ. ನಾನೂ ನಂಬಿದ್ದೆ. ಆಳಂದದ ತವರಿನಿಂದ ಕೊಳಕೂರಿಗೆ ಸೊಸೆಯಾಗಿ ಬಂದಾಗ ನನ್ನ ಪೆಟ್ಟಿಗೆಯಲ್ಲಿ ಸೀರೆಗಳಿಗಿಂತ ಜೋಪಾನವಾಗಿದ್ದವು ಎರಡು: ದಿನಚರಿ ಮತ್ತು ಚಸ್ಮಾದ ಡಬ್ಬಿ. ಮಾಸ್ತರರಾಗಿದ್ದ ಅಪ್ಪ ಸೋಲಾಪುರದ ತನಕ ಕರೆದುಕೊಂಡು ಹೋಗಿ ಹಾಕಿಸಿದ ಚಸ್ಮಾ ಅದು. ಅದಿಲ್ಲದಿದ್ದರೆ ಹತ್ತು ಮಾರಿನಾಚೆ ಮನುಷ್ಯರೂ ಮರಗಳೂ ನನಗೆ ಒಂದೇ. ಹೊಸ ಸೊಸೆಯನ್ನು ನೋಡಲು ಮೊದಲ ದಿನ ನಲವತ್ಮೂರು ಜನ ಬಂದರು. ಅವರಲ್ಲಿ ಮುಖಕ್ಕಿಂತ ಮೊದಲು ಚಸ್ಮಾ ನೋಡಿದವರು ನಲವತ್ಮೂರು ಎಂದು ಅಂದೇ ಬರೆದಿಟ್ಟೆ.

ಅದು ೧೯೪೭ರ ಮಾರ್ಚ್, ಜೋಳದ ರಾಶಿಯ ಕಾಲ. ಹೊಲ ಊರಿಗೆ ಮೂಡಲಕ್ಕಿತ್ತು. ಬೆಳಿಗ್ಗೆ ಬುತ್ತಿ ಹೊತ್ತು ಹೋಗುವಾಗ ಸೂರ್ಯ ಎದುರಿಗೆ. ಸಂಜೆ ಮರಳುವಾಗ ಅವನೂ ಪಡುವಲಕ್ಕೆ ಸರಿದು ಮತ್ತೆ ಎದುರಿಗೆ. ಬರಿಗಣ್ಣಿನವರಿಗೆ ಒಬ್ಬನೇ ಸೂರ್ಯ, ನನಗೆ ಗಾಜಿಗೊಂದರಂತೆ ಇಬ್ಬರು. ತಂತಿಯ ಕಡ್ಡಿ ಕಾದು ಕಿವಿಯ ಹಿಂದೆ ಬರೆ ಎಳೆಯುತ್ತಿತ್ತು.

ಮಾರ್ಚ್ ಮೂರರಿಂದ ಪ್ರಯೋಗ ಆರಂಭಿಸಿದೆ. ಮೊದಲು ಛತ್ರಿ. ಒಂದು ಕೈ ಬುತ್ತಿಗೆ, ಒಂದು ಕೈ ಛತ್ರಿಗೆ. ಜಾರುವ ಸೆರಗಿಗೆ ಮೂರನೆಯ ಕೈ ಬೇಕಾಯಿತು. ಎರಡನೆಯದು ನಮ್ಮ ಮನೆಯವರು ಕಲಬುರ್ಗಿಯ ಬಜಾರಿನಿಂದ ತಂದ ಕಪ್ಪು ಚಸ್ಮಾ. ಅದಕ್ಕೆ ನಂಬರಿಲ್ಲ. ಹಾಗಾಗಿ ನನ್ನದರ ಮೇಲೆ ಅದನ್ನೂ ಏರಿಸಿ ನಾಲ್ಕು ಗಾಜಿನವಳಾಗಿ ಹೊರಟೆ. ದಾರಿಯಲ್ಲಿ ಯಾರೋ ಹಿರಿಯರು ನಿಂತಂತೆ ಕಂಡಿತು. ಪಕ್ಕಕ್ಕೆ ಸರಿದು, ತಲೆ ತಗ್ಗಿಸಿ, ಅವರು ಮುಂದೆ ಹೋಗಲೆಂದು ಬಹಳ ಹೊತ್ತು ಕಾದೆ. ಅವರು ಹೋಗಲಿಲ್ಲ. ಅದು ಜೋಳದ ಕಣಕಿಯ ಬಣವೆ.

ಮೂರನೆಯದು ದೀಪದ ಮಸಿ. ಗ್ರಹಣ ನೋಡಲು ಗಾಜಿಗೆ ಮಸಿ ಹಿಡಿಯುತ್ತಾರಲ್ಲ, ಹಾಗೆ ಚಸ್ಮಾಕ್ಕೇ ತೆಳ್ಳಗೆ ಹಿಡಿದೆ. ಅರ್ಧ ದಾರಿಗೆ ಬೆವರಿನ ಜೊತೆ ಮಸಿಯೂ ಇಳಿಯಿತು. ಅತ್ತೆ ಶಾಂತವ್ವ ನನ್ನನ್ನು ಕಂಡವರೇ ಸೊಂಟದ ಮೇಲೆ ಕೈಯಿಟ್ಟರು.

"ಏನ್ ಬೇ, ಮಂದಿ ಕಣ್ಣಿಗಿ ಕಾಡಿಗಿ ಹಚ್ಕೊಂತಾರ. ನೀ ಚಸ್ಮಾಕ ಹಚ್ಚಾಕತ್ತೀ?"

ನಾಲ್ಕನೆಯದು ಗೆದ್ದಿತು. ಸೆರಗಿನ ಅಂಚಿಗೆ ಅನ್ನದ ಗಂಜಿ ಹಾಕಿ ಒಣಗಿಸಿ, ಹಣೆಯಿಂದ ಒಂದು ಗೇಣು ಮುಂದಕ್ಕೆ ಎಳೆದುಕೊಂಡೆ. ಮನೆಯ ಮುಂದಿನ ಚಪ್ಪರದಂತೆ ಅದು ಅಲ್ಲಾಡದೆ ನಿಂತಿತು. ಗಾಜು ತಣ್ಣಗೆ, ಕಿವಿ ತಣ್ಣಗೆ.

ಆದರೆ ಊರು ಅದನ್ನು ಬೇರೆಯೇ ರೀತಿ ಓದಿಕೊಂಡಿತು. ಹಿರಿಯರ ಮುಂದೆ ಸೆರಗು ಎಳೆದುಕೊಳ್ಳುವ ಊರಿನಲ್ಲಿ, ಬಯಲಿನಲ್ಲೂ ಗೇಣುದ್ದ ಎಳೆದುಕೊಂಡು ನಡೆಯುವ ಸೊಸೆಯೆಂದರೆ ಸಾಮಾನ್ಯಳೇ! ಹದಿನೈದು ದಿನಗಳಲ್ಲಿ ನನ್ನ ಮರ್ಯಾದೆಯನ್ನು ಹೊಗಳಿದವರು ಹನ್ನೊಂದು ಜನ. ಹನ್ನೆರಡನೆಯವರು ಊರ ಗೌಡರು. ಹೆಣ್ಣುಮಕ್ಕಳಿಗೆ ಮನೆಯಲ್ಲೇ ಅಕ್ಷರ ಕಲಿಸಬೇಕೆಂಬುದು ಮದುವೆಗೆ ಮೊದಲಿನಿಂದಲೂ ನನ್ನ ಆಸೆ. ಗೌಡರು ಹೂಂ ಎನ್ನದೆ ಯಾರೂ ಮಗಳನ್ನು ಕಳಿಸುತ್ತಿರಲಿಲ್ಲ. ಈಗ ಅವರೇ ಕಟ್ಟೆಯ ಮೇಲೆ ಕೂತು ಹೇಳಿದರಂತೆ: "ಇಂಥಾ ಮರ್ಯಾದಸ್ತ ಸೊಸಿ ಕಲಸ್ತಾಳಂದ್ರ ಕಲೀಲಿ ಬಿಡ್ರಿ."

ಏಳು ಹುಡುಗಿಯರು ಬಂದರು. ನಿಜ ಹೇಳಿಬಿಡಬೇಕಿತ್ತು, ಹೇಳಲಿಲ್ಲ. ದಿನಚರಿಯಲ್ಲಿ ಮಾತ್ರ "ಹನ್ನೆರಡು ಹೊಗಳಿಕೆ, ಒಂದೂ ನನ್ನದಲ್ಲ" ಎಂದು ಬರೆದುಕೊಂಡೆ.

ಮೂರನೆಯ ದಿನ. ಪಡಸಾಲೆಯಲ್ಲಿ ನೆರಳಿತ್ತು, ಪಾಟಿ ಓದಲು ಬೆಳಕು ಬೇಕಿತ್ತು. ಸೆರಗನ್ನು ಹಿಂದಕ್ಕೆ ತಳ್ಳಿ ಸೊಂಟಕ್ಕೆ ಸಿಕ್ಕಿಸಿಕೊಂಡು ಗಟ್ಟಿ ದನಿಯಲ್ಲಿ ಅ ಆ ಹೇಳಿಸುತ್ತಿದ್ದೆ. ಬಾಗಿಲಲ್ಲಿ ಕೆಮ್ಮು ಕೇಳಿತು. ಗೌಡರು.

"ಶಾಂತವ್ವಾ, ಇದ್ಯಾರ? ನಿನ್ನ ಸೊಸಿ ಎಲ್ಲಿ?"

ಹುಡುಗಿಯರು ಪಾಟಿ ಎದೆಗವಚಿಕೊಂಡರು. ಶಾಲೆ ಇವತ್ತಿಗೆ ಮುಗಿಯಿತು ಎಂದುಕೊಂಡೆ. ಸೆರಗಿಗೆ ಹೋದ ಕೈ ಅರ್ಧಕ್ಕೇ ನಿಂತಿತು. ಈಗ ಎಳೆದುಕೊಂಡರೆ ದಿನವೂ ಎಳೆದುಕೊಂಡೇ ಇರಬೇಕು.

"ಅದು ಮರ್ಯಾದಿಗಿ ಅಲ್ರಿ, ಗೌಡ್ರ. ಚಸ್ಮಾಕ ಬಿಸಿಲ ಹೊಡೀತೈತ್ರಿ, ಅದಕ್ಕ ಎಳಕೊಂತಿದ್ದೇರಿ. ಇಲ್ಲಿ ನೆರಳೈತಲ್ರಿ."

ಗೌಡರು ನನ್ನನ್ನೂ ಅತ್ತೆಯನ್ನೂ ನೋಡಿದರು. "ಬಿಸಿಲಿಗಿ? ಹಂಗಾರ ನಮ್ಮ ಸೊಸ್ತೇರು ಮನಿ ಒಳಗ ಎಳಕೊಂತಾರಲ್ಲ, ಅಲ್ಯಾವ ಬಿಸಿಲು?"

ಜೋಳ ಹಸನು ಮಾಡುತ್ತಿದ್ದ ಅತ್ತೆ ಮೊರದಿಂದ ತಲೆಯೆತ್ತಲಿಲ್ಲ. "ನಿಮ್ಮ ಮನ್ಯಾಗ ನೀವಾ ಬಿಸಿಲು ಅಲ್ಲೇನ್ರಿ, ಗೌಡ್ರ?"

ಗೌಡರ ಮೀಸೆ ಮೊದಲು ನಡುಗಿತು, ಆಮೇಲೆ ಹೊಟ್ಟೆ. ಕಣ್ಣಲ್ಲಿ ನೀರು ಬರುವ ತನಕ ನಕ್ಕು, "ನಾಳಿಂದ ನನ್ನ ಮಮ್ಮಗಳನ್ನೂ ಕಳಸ್ತೇನಿ. ಅಕಿನೂ ನಿಮ್ಮಂಗ ಬಾಯಿ ಕಲೀಲಿ," ಎಂದು ಹೊರಟರು.

ಗೆದ್ದೆನೆಂದು ಆ ದಿನದ ಪುಟಕ್ಕೆ ಕೆಂಪು ಗೆರೆ ಹೊಡೆದೆ. ಮರುದಿನ ಎಂಟು ಹುಡುಗಿಯರೂ ಸಾಲಾಗಿ ಬಂದರು: ಚಿಕ್ಕ ಸೀರೆಗಳ ಅಂಚಿಗೆ ಗಂಜಿ, ಹಣೆಯ ಮುಂದೆ ಗೇಣುದ್ದ ಸೆರಗು. ಕಲಿಸುವ ಅಕ್ಕೋರು ಹಾಗೆ ನಡೆಯುತ್ತಾರೆ, ಅದೇ ಮೊದಲ ಪಾಠವಂತೆ. ಅವರಲ್ಲಿ ಒಬ್ಬಳಿಗೂ ಚಸ್ಮಾ ಇಲ್ಲ. ಒಂದು ವಾರದ ಲೆಕ್ಕ ಹೀಗಿದೆ: 'ಅ' ಕಲಿತವರು ಮೂವರು, ಗಂಜಿ ಹಾಕಲು ಕಲಿತವರು ಎಂಟು. ಹಾಜರಿ ಹಿಡಿಯಲು ನಾನು ದಿನವೂ ನೆಲದ ಮೇಲೆ ಕೂತು, ಕತ್ತು ಬಗ್ಗಿಸಿ, ಒಂದೊಂದೇ ಸೆರಗಿನೊಳಗೆ ಇಣುಕಿ ನೋಡುತ್ತಿದ್ದೇನೆ.