ಜಿಂಕೆ ಫಾರ್ಮಿನಲ್ಲಿ ಮಾವನವರು

ಪರ್ತ್ ಸಿಟಿಯ ಗಣಿ ಕಂಪನಿಯಲ್ಲಿ ಎಲ್ಲರೂ ಕೆಲಸ ಉಳಿದರೆ ಸಾಕೆಂದು ದೇವರಿಗೆ ಹರಕೆ ಹೊರುತ್ತಿದ್ದಾಗ, ನಮ್ಮ ಚಾಮರಾಜ ತಾನಾಗಿಯೇ ರಾಜೀನಾಮೆ ಬಿಸಾಕಿ ಬಂದ.

"ಇನ್ಮೇಲೆ ಯಾರಿಗೂ ಸಲಾಂ ಹೊಡೆಯಲ್ಲ ಕಣೇ! ಜಿಂಕೆ ಸಾಕ್ತೀನಿ! ಹಾಲು ಕರೆಯೋ ಹಾಗಿಲ್ಲ, ಸಗಣಿ ಬಾಚೋ ಹಾಗಿಲ್ಲ. ಅವು ಮೇಯ್ತಾ ಇರ್ತವೆ, ನಾನು ಸಾಹುಕಾರ ಆಗ್ತಾ ಇರ್ತೀನಿ!"

"ಮಾಂಸಕ್ಕೆ ಮಾರೋದಾ? ಹುಳಿಗೆ ಈರುಳ್ಳಿ ಕೂಡ ಹಾಕದ ನಾವು?" ಎಂದಳು ಹೆಂಡತಿ ಜಯಲಕ್ಷ್ಮಿ.

"ನಾನೇನು ತಿಂತೀನಾ? ಮಾರ್ತೀನಿ ಅಷ್ಟೆ!"

ಊರಾಚೆ ಜಮೀನು, ಆಳೆತ್ತರ ಮೀರಿದ ಬೇಲಿ, ಹದಿನೆಂಟು ಜಿಂಕೆ. ಮೇಯ್ದದ್ದು ಅವು, ಕರಗಿದ್ದು ಇವನು. ಒಂದೂವರೆ ವರ್ಷದ ಮೇಲೆ ಕೊನೆಗೊಬ್ಬ ವ್ಯಾಪಾರಿ ಸಿಕ್ಕಿದ. "ಗುರುವಾರ ಮಧ್ಯಾಹ್ನ ಲಾರಿ ತರ್ತೀನಿ ಮೇಟ್, ಹತ್ತು ಜಿಂಕೆ ರೆಡಿ ಇರಲಿ" ಎಂದ. ಆ ಲಾರಿ ತುಂಬಿದರೆ ಫಾರ್ಮ್ ಉಳಿಯುತ್ತಿತ್ತು. ಇಲ್ಲವಾದರೆ ಚಾಮರಾಜ ಹಳೆಯ ಮ್ಯಾನೇಜರ್ ಮುಂದೆ ಹೋಗಿ ಹಲ್ಲು ಗಿಂಜಬೇಕಿತ್ತು.

ಗುರುವಾರವೇ ಮಾವ ನಂಜುಂಡಪ್ಪನವರ ತಿಥಿ! ಗಂಡುಮಕ್ಕಳಿಲ್ಲದ ಅವರಿಗೆ ಅಳಿಯನೇ ಎಡೆ ಇಡಬೇಕು. ಕಾಗೆ ಮುಟ್ಟುವವರೆಗೂ ಮನೆಯಲ್ಲಿ ಯಾರೂ ಉಣ್ಣುವ ಹಾಗಿಲ್ಲ. ಪರ್ತಿನ ಕಾಗೆಗಳೋ, ಚಿಪ್ಸ್ ತಿಂದು ಕೊಬ್ಬಿದವು. ವಡೆ ಪಾಯಸದ ಕಡೆ ತಿರುಗಿಯೂ ನೋಡಲಿಲ್ಲ. ಗಂಟೆ ಎರಡಾಯಿತು. ಚಾಮರಾಜನ ಹೊಟ್ಟೆ ತಾಳ ಹಾಕತೊಡಗಿತು.

"ಕಾಗೆನೇ ಆಗ್ಬೇಕು ಅಂತಿಲ್ಲ ಕಣೇ. ಪರದೇಶದಲ್ಲಿ ಯಾವ ಪ್ರಾಣಿ ಮುಟ್ಟಿದ್ರೂ ಪಿತೃಗಳೇ. ಶಾಸ್ತ್ರದಲ್ಲೇ ಇದೆ!"

ಹಸಿವಿಗೆ ತಕ್ಕ ಶಾಸ್ತ್ರವನ್ನು ನಿಂತ ನಿಲುವಿನಲ್ಲೇ ಹುಟ್ಟಿಸಿದ ಪುಣ್ಯಾತ್ಮ, ಎಲೆಯನ್ನು ಗೇಟಿನ ಕೆಳಗಿಂದ ಜಿಂಕೆಗಳತ್ತ ತಳ್ಳಿದ.

ದೊಡ್ಡ ಕೊಂಬಿನ ಗಂಡೊಂದು ಗತ್ತಿನಿಂದ ಬಂತು. ಅನ್ನ ಮೂಸಿತು, ವಡೆ ಬಿಟ್ಟಿತು, ನೇರವಾಗಿ ಪಾಯಸಕ್ಕೆ ಬಾಯಿ ಹಾಕಿತು.

"ಅಪ್ಪಾ!" ಜಯಲಕ್ಷ್ಮಿ ಗೇಟು ಹಿಡಿದುಕೊಂಡು ಗಳಗಳನೆ ಅತ್ತಳು. "ಶುಗರ್ ಇದ್ರೂ ಮೊದಲು ಪಾಯಸಾನೇ ಕೇಳ್ತಿದ್ರು ನಮ್ಮಪ್ಪ!"

ಚಾಮರಾಜ ಉಂಡು ಕೈ ತೊಳೆಯುವಷ್ಟರಲ್ಲಿ ಲಾರಿ ಬಂತು. ವ್ಯಾಪಾರಿ ಮೊದಲು ಬೆರಳು ತೋರಿಸಿದ್ದೇ ಆ ದೊಡ್ಡ ಕೊಂಬಿಗೆ. ಜಯಲಕ್ಷ್ಮಿ ಸೆರಗು ಸಿಕ್ಕಿಸಿ ಗೇಟಿಗೆ ಅಡ್ಡ ನಿಂತಳು.

"ನಮ್ಮಪ್ಪನ್ನ ಕಟುಕರಿಗೆ ಕೊಡ್ತೀರಾ? ಶಾಸ್ತ್ರ ಹೇಳಿದ್ದು ನೀವೇ ತಾನೆ?"

"ಹಸಿವು ತಡೀಲಾರ್ದೆ ಸುಳ್ಳು ಹೇಳಿದ್ನೇ ಮಾರಾಯ್ತಿ!"

"ತಿಥಿ ದಿನ ಪಾಯಸ ತಿಂದ ಬಾಯಲ್ಲಿ ಇಂಥ ಮಾತು ಬೇರೆ!"

ಕಣ್ಣು ಕಣ್ಣು ಬಿಡುತ್ತಿದ್ದ ವ್ಯಾಪಾರಿಗೆ ಮಗಳು ಮಾಲವಿಕಾ ವಿವರಿಸಿದಳು: "ಸಾರಿ, ದಟ್ಸ್ ಮೈ ಗ್ರ್ಯಾಂಡ್‌ಫಾದರ್." ಅವನು ಟೋಪಿ ತೆಗೆದು ಎರಡು ಹೆಜ್ಜೆ ಹಿಂದೆ ಸರಿದ.

ಚಾಮರಾಜನಿಗೆ ನಿಜವಾಗಿಯೂ ಅಳು ಬಂತು. ಹೆಂಡತಿಗೆ ಕೈಮುಗಿದ.

"ಆಯ್ತು ತಾಯಿ, ಮಾವನವರು ಇಲ್ಲೇ ಇರ್ಲಿ. ಬೇರೆ ಹತ್ತನ್ನಾದ್ರೂ ಲಾರಿಗೆ ಹತ್ತಿಸ್ತೀನಿ, ಹೇಗೋ ಬದುಕ್ಕೊಳ್ಳೋಣ."

ಜಯಲಕ್ಷ್ಮಿ ಕಣ್ಣೊರೆಸಿಕೊಂಡು ಹಿಂಡಿನತ್ತ ಕಣ್ಣು ಹಾಯಿಸಿದಳು.

"ಅದು ಹೇಗಾಗುತ್ತೆ ರೀ? ಮುಂದಿನ ತಿಂಗಳು ಅಮ್ಮನ ತಿಥಿ. ಇವುಗಳಲ್ಲಿ ಅಮ್ಮ ಯಾವುದು ಅಂತ ಗೊತ್ತಾಗೋ ತನಕ ಒಂದೂ ಇಲ್ಲಿಂದ ಕದಲೋ ಹಾಗಿಲ್ಲ!"